ರೊಟ್ಟಿ ಬಡಿದವ್ರ ಹೆಸರು ಯಾರ ಬಲ್ಲಿ ಅದ?



ಈ ಸಲ ಉಪ್ಪಿನಕಾಯಿ, ಶೇಂಗಾ ಹಿಂಡಿ ಎಲ್ಲಾ ಬಾಜೂಕಿಟ್ಟು ಜರಾ ಇತಿಹಾಸ ಬರಿತೀನಿ. ಹೆದರಬ್ಯಾಡ್ರಿ, ಇದ್ರಾಗೂ ರೊಟ್ಟಿನೇ ಬರ್ತದ.

ಹೋದ ತಿಂಗಳ ನಮ್ಮ ಮೈದುನನ ಮಗಳಿಗಿ ಸಾಲ್ಯಾಗ ಒಂದು ಪ್ರಬಂಧ ಕೊಟ್ಟಿದ್ರು. 'ನಮ್ಮ ಜಿಲ್ಲೆಯಲ್ಲಿ ಶಿಕ್ಷಣ ಬೆಳೆದು ಬಂದ ದಾರಿ' ಅಂತ. ಒಂಬತ್ತನೇತ್ತಾ ಹುಡುಗಿ. "ದೊಡ್ಡಮ್ಮ, ನೀ ಹೇಳು, ನಾ ಬರಿತೀನಿ" ಅಂತ ನನ್ನ ಮುಂದ ಕುಂತ್ಳು. ನನಗ ತಿಳದಷ್ಟು ಹೇಳ್ದೆ. ಮಹಮೂದ ಗವಾನರ ಮದರಸಾ, ನಿಜಾಮರ ಕಾಲದ ಉರ್ದು ಸಾಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು, ಅವ್ರು ನಡೆಸಿದ ಪ್ರಸಾದ ನಿಲಯ. ಅವಳು ದುಂಡಗ ಬರದು ಓದಿ ತೋರಿಸಿದ್ಳು. ಕಡೀ ಸಾಲು ಹಿಂಗಿತ್ತು: 'ಹೀಗೆ ಪಟ್ಟದ್ದೇವರು ಮತ್ತು ಅನೇಕ ಸಿಬ್ಬಂದಿಯವರು ನಮ್ಮ ಭಾಗದ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು.'

ಅಲ್ಲೇ ಬಾಜೂಕ ನಮ್ಮ ಕಾಕು ಜ್ವಾಳ ಹಸನ ಮಾಡ್ಕೋತ ಕುಂತಿದ್ಳು. ಭಾಲ್ಕಿಯಿಂದ ದವಾಖಾನಿಗಿ ತೋರಿಸ್ಲಾಕ ಬೀದರಕ ಬಂದಿದ್ಳು, ಎರಡು ದಿವಸ ನಮ್ಮ ಮನ್ಯಾಗೇ ಉಳದಿದ್ಳು. ಅಕಿ ಮರ ತಳಗಿಟ್ಟು ಕೇಳಿದ್ಳು: "ಯವ್ವಾ, ಆ 'ಮತ್ತು' ಅಂದ ಮ್ಯಾಲ ಯಾರ್ಯಾರು ಬರ್ತಾರ?"

ನಾವಿಬ್ರೂ ನಕ್ಕೆವು. ಕಾಕು ನಗಲಿಲ್ಲ.

ನಿಮ್ಮಾಗ ಕೆಲವ್ರಿಗಿ ಗೊತ್ತದ, ಕಾಕು ಇಪ್ಪತ್ತಾರು ವರ್ಷ ಒಂದು ಬೋರ್ಡಿಂಗದಾಗ ರೊಟ್ಟಿ ಬಡಿದಾಕಿ. ಅದು ಯಾವ ಸಂಸ್ಥಾ ಅಂತ ಇಲ್ಲಿ ಹೇಳಲ್ಲ, ಅದು ಬೇಕಾಗಿಲ್ಲ. ಆದ್ರ ಅಕಿ ಕೇಳಿದ ಮಾತು ನನ್ನ ತಲ್ಯಾಗ ಕುಂತು ಬಿಟ್ತು. ಅದಕ್ಕೇ ಈ ಬರಹ.

ಮದಲು ಬೀದರದಿಂದೇ ಸುರು ಮಾಡ್ತೀನಿ. ಚೌಬಾರಾ ದಾಟಿ ಕೋಟಿ ಕಡಿಗಿ ಹೋಗೋ ದಾರ್ಯಾಗ ಮಹಮೂದ ಗವಾನರ ಮದರಸಾ ಅದ. ನಾವೆಲ್ಲ ಬೀಗರು ಬಂದ್ರ ಕರ್ಕೊಂಡು ಹೋಗಿ ಫೋಟೋ ಹೊಡಸ್ಕೋತೀವಿ. ಗವಾನರು ಇರಾನದ ಗಿಲಾನ ಕಡಿಂದ ಬಂದವ್ರು, ಬಹಮನಿ ಸುಲ್ತಾನರ ಪ್ರಧಾನ ಮಂತ್ರಿ. 1472ರಲ್ಲಿ ಈ ಮದರಸಾ ಕಟ್ಟಿಸಿದ್ರು. ಮೂರು ಅಂತಸ್ತು, ಗೋಡಿಗಿ ನೀಲಿ ಹಂಚು. ಹುಡುಗ್ರಿಗಿ 36 ಕೋಣಿ, ಕಲಸೋ ಗುರುಗಳಿಗಿ 6 ಮನಿ. ಮೂರು ಸಾವಿರ ಹಸ್ತಪ್ರತಿ ಇದ್ದ ಗ್ರಂಥಾಲಯ. ದೂರ ದೂರದಿಂದ ಬಂದ ಹುಡುಗ್ರು ಅಲ್ಲೇ ಇದ್ದು, ಅಲ್ಲೇ ಉಂಡು ಕಲಿತಿದ್ರು. 1481ರಲ್ಲಿ ಯಾರೋ ಮಾಡಿದ ಖೊಟ್ಟಿ ಪತ್ರ ನಂಬಿ ಸುಲ್ತಾನ ಗವಾನರ ತಲಿ ಹೊಡಸಿದ. ಮುಂದ 1696ರಲ್ಲಿ, ಔರಂಗಜೇಬನ ಕಾಲದಾಗ, ಒಳಗಿಟ್ಟ ಮದ್ದು ಸಿಡಿದು ಒಂದು ಮಿನಾರು, ಮುಂದಿನ ಭಾಗ ಎಲ್ಲಾ ಬಿತ್ತು.

ನಾ ಎಷ್ಟೋ ಸಲ ಆ ಕೋಣಿಗೋಳು ನೋಡೀನಿ. ಈಗ ಹೋದ್ರ ಬ್ಯಾರೆ ಲೆಕ್ಕ ಬರ್ತದ. 36 ಕೋಣಿ ತುಂಬ ಹುಡುಗ್ರು ಅಂದ್ರ, ಎರಡು ಹೊತ್ತು ಒಲಿ ಯಾರು ಹಚ್ತಿದ್ರು? ನೀರು ಯಾರು ಹೊತ್ತು ತರ್ತಿದ್ರು? ಜ್ವರ ಬಂದ ಪೋರನ ಹಣಿ ಮ್ಯಾಲ ಕೈ ಇಟ್ಟು ನೋಡ್ದವ್ರು ಯಾರು? ಕಟ್ಟಿಸಿದವ್ರ ಹೆಸರು ಐನೂರು ವರ್ಷ ಉಳದದ. ಉಣಸಿದವ್ರ ಹೆಸರು ಆ ಮದ್ದಿನ ಜೋಡಿನೇ ಹಾರಿ ಹೋಗ್ಯಾದ.

ಈಗ ನಿಜಾಮರ ಕಾಲಕ ಬರ್ರಿ. ನಮ್ಮ ಬೀದರ ಜಿಲ್ಲಾ ಹೈದರಾಬಾದ ಸಂಸ್ಥಾನದಾಗ ಇತ್ತು. ಕಚೇರಿ, ಕೋರ್ಟು, ಸಾಲಿ ಎಲ್ಲಾ ಉರ್ದು. ಹೈದರಾಬಾದದಾಗ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆಯಿತು, ಅಲ್ಲೂ ಉರ್ದು ಮಾಧ್ಯಮನೇ. ಉರ್ದು ಚಂದದ ಭಾಷಾ, ನಮ್ಮ ಬಾಯಾಗ ಇವತ್ತಿಗೂ ಅರ್ಧಾ ಮಾತು ಅದರದೇ ಅದ. ತಕರಾರು ಭಾಷಾದಲ್ಲ. ಆದ್ರ ಮನ್ಯಾಗ ಕನ್ನಡ ಆಡೋ ಪೋರ ಸಾಲ್ಯಾಗ ಅವ್ವನ ಮಾತಿನಾಗ ಒಂದಕ್ಷರ ಬರಿಲಾಕ ಕಲಿಯಂಗಿರಲಿಲ್ಲ. ಎಷ್ಟೋ ಹಳ್ಳ್ಯಾಗ ಇದ್ದವ್ರಿಗಂತೂ ಯಾವ ಭಾಷಾದ ಸಾಲಿನೂ ಇರಲಿಲ್ಲ.

ಇಂಥಾ ಹೊತ್ತಿನಾಗ ಕಮಲನಗರದಾಗ 1890ರಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಭಾಲ್ಕಿ ಹಿರೇಮಠದ ಗುರುಗಳಾದ್ರು. ಕಮಲನಗರ ಆಗ ನಮ್ಮ ಔರಾದ ಕಡೀದು, ಈಗ ಅದೇ ಒಂದು ತಾಲೂಕಾ ಆಗ್ಯಾದ. 1936ರಲ್ಲಿ ಅಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಸುರು ಆಯಿತು. ಪಟ್ಟದ್ದೇವರ ಸಾಲಿ ಮಾತು ತಗದ್ರ ನಮ್ಮ ಕಡಿ ಸಣ್ಣ ಪೋರಗೋಳೂ ಹೇಳೋ ಕತಿ ಒಂದದ: ಹೊರಗ ಉರ್ದು ಬೋರ್ಡು, ಒಳಗ ಕನ್ನಡ ಪಾಠ. ಅದಕ್ಕೇ ಇವತ್ತಿಗೂ ಭಾಲ್ಕಿ ಮಠಕ್ಕ 'ಕನ್ನಡ ಮಠ' ಅಂತಾರ.

ನಾವು ಈ ಕತಿ ಹೇಳಿ ಪಟ್ಟದ್ದೇವರಿಗಿ ಕೈ ಮುಗಿತೀವಿ. ಮುಗಿಬೇಕು, ಅವ್ರು ಅಷ್ಟು ದೊಡ್ಡವ್ರೇ. ಆದ್ರ ಕಾಕು ಕೇಳಿದ ಮ್ಯಾಲ ನಾ ಈ ಕತಿ ಇನ್ನೊಮ್ಮಿ ನೋಡ್ದೆ. ಬೋರ್ಡು ಹೊರಗಿತ್ತು. ಒಳಗ ಯಾರಿದ್ರು? ಒಬ್ಬ ಮಾಸ್ತರ ಇದ್ದ. ಬಾಗಿಲ ಕಡಿ ಒಂದು ಕಣ್ಣು, ಪಾಟಿ ಮ್ಯಾಲ ಒಂದು ಕಣ್ಣು ಇಟ್ಟು 'ಅ ಆ ಇ ಈ' ಬರಸಿದವ ಅವನೇ. ಸರಕಾರಿ ಉರ್ದು ಸಾಲಿ ಮಾಸ್ತರನಂಗ ಅವನಿಗಿ ಸರಕಾರದ ಪಗಾರದ ಆಸರಾ ಇರಲಿಲ್ಲ. ಮಠಕ್ಕ ಭಿಕ್ಷೆ ಬಂದ್ರ ಊಟ, ಇಲ್ಲಾಂದ್ರ ಅಂಬಲಿ. ಅವನ ಮನ್ಯಾಗೂ ಹೆಣ್ತಿ ಮಕ್ಕಳಿದ್ರು. 'ಇವತ್ತು ಸಾಲಿಗಿ ಹೋಗ್ಬ್ಯಾಡ್ರಿ, ಏನರೆ ಆದೀತು' ಅಂತ ಹೆಣ್ತಿ ಅಂದಿರಲಿಕ್ಕಿಲ್ಲೇನು? 1948ರ ಮೇ ತಿಂಗಳಾಗ ನಮ್ಮದೇ ಜಿಲ್ಲಾದ ಗೋರಟಾದಾಗ ರಜಾಕಾರರು ಮಂದೀನ ಕೊಂದ್ರು. ಅಂಥಾ ದಿವಸದಾಗ ಕನ್ನಡ ಕಲಸಾಕ ಮನಿ ಬಿಟ್ಟು ಹೋಗೋದು ಹಗೂರ ಕೆಲಸ ಇರಲಿಲ್ಲ. ಆ ಸಪ್ಟೆಂಬರದಾಗ ಪೊಲೀಸ್ ಕಾರ್ಯಾಚರಣಿ ಆಗಿ 17ಕ್ಕ ನಿಜಾಮ ಶರಣಾದ ಮ್ಯಾಲೇ ಮಂದಿ ಉಸರು ಬಿಟ್ಟಿದ್ದು.

ಬೆಳಗಾವಿ ಕಡಿ ನೋಡ್ರಿ. 1916ರಲ್ಲಿ ಏಳು ಮಂದಿ ಮಾಸ್ತರು ಕೂಡಿ ಕೆಎಲ್‌ಇ ಸಂಸ್ಥಾ ಕಟ್ಟಿದ್ರು. ಅವ್ರಿಗಿ 'ಸಪ್ತರ್ಷಿಗಳು' ಅಂತ ಕರಿತಾರ, ಏಳೂ ಮಂದಿ ಹೆಸರು ಹೇಳ್ತಾರ. ಮಾಸ್ತರಿಕಿ ಮಾಡಿದವ್ರಿಗಿ ಋಷಿ ಅಂದಿದ್ದು ನನಗ ಭಾಳ ಸೇರ್ತದ. ನಮ್ಮ ಕಡಿನೂ ಅಂಥಾ ಮಾಸ್ತರು ಇದ್ರು. ನಮ್ಮ ಬಾಯಾಗ ಅವ್ರ ಹೆಸರು ಉಳೀಲಿಲ್ಲ, ಅಷ್ಟೇ.

ಈಗ ನಮ್ಮ ಮನಿ ಮಾತು ಜರಾ ಹೇಳ್ತೀನಿ, ಯಾಕಂದ್ರ ಈ ಇತಿಹಾಸದ ರೊಟ್ಟಿ ನಮ್ಮ ಮನಿನೂ ಉಂಡದ.

ನಮ್ಮ ತಂದಿ ಔರಾದ ತಾಲೂಕದ ಹಳ್ಳ್ಯಾಗ ಹುಟ್ಟಿದವ್ರು. ಊರಾಗ ನಾಕನೇತ್ತಾ ತನ ಇತ್ತು. ಮುಂದ ಓದ್ಸಾಕ ಮುತ್ಯಾನ ಬಲ್ಲಿ ರೊಕ್ಕ ಇರಲಿಲ್ಲ. 1951ರಾಗ ಮುತ್ಯಾ ಅವ್ರಿಗಿ ಕಮಲನಗರ ಸ್ಟೇಷನ್ ತನ ಬಂಡ್ಯಾಗ ಕರ್ಕೊಂಡು ಬಂದು, ಅಲ್ಲಿಂದ ರೈಲ್ವಾಗ ಭಾಲ್ಕಿಗಿ ತಂದು ಮಠದ ಪ್ರಸಾದ ನಿಲಯದಾಗ ಬಿಟ್ಟ. ಒಂದು ಚೀಲ ಜ್ವಾಳ, ಒಂದು ಕೌದಿ, ಅಷ್ಟೇ ಸಾಮಾನು. ಆಯಿ ಬಾಗಿಲದಾಗ ನಿಂತು ಅತ್ತಾಳಂತ, ಆದ್ರ 'ಬ್ಯಾಡ' ಅನ್ಲಿಲ್ಲಂತ.

ಮಠ ನಡೀತಿದ್ದದ್ದು ಭಿಕ್ಷಾದ ಮ್ಯಾಲ. ಪಟ್ಟದ್ದೇವರು ತಾವೇ ಜೋಳಗಿ ಹಿಡಕೊಂಡು ಹಳ್ಳಿ ಹಳ್ಳಿ ತಿರಗ್ತಿದ್ರು. ತಾವೇ ಹುಡುಗ್ರಿಗಿ ರೊಟ್ಟಿ ಬಡಿದು ಉಣಸ್ತಿದ್ರು, ಬ್ಯಾನಿ ಬಂದವ್ರ ಸೇವಾ ಮಾಡ್ತಿದ್ರು ಅಂತ ಅಲ್ಲಿ ಉಂಡವ್ರು ಹೇಳ್ತಾರ. ಜಾತಿ ಕೇಳದೆ ಎಲ್ಲಾ ಮನಿ ಪೋರಗೋಳನ್ನ ಒಂದೇ ಪಂಕ್ತಿಗಿ ಕೂಡಸಿದ್ರು. ಆ ಕಾಲದಾಗ ಅದೇ ಒಂದು ದೊಡ್ಡ ಕ್ರಾಂತಿ. ನಮ್ಮ ಆಯಿ ಬೀಸೋಕಲ್ಲಿಗಿ ಜ್ವಾಳ ಹಾಕೋ ಮದಲು ಒಂದು ಮುಷ್ಟಿ ತಗದು ಬ್ಯಾರೆ ಗಡಿಗ್ಯಾಗ ಹಾಕ್ತಿದ್ಳು. ರಾಶಿ ಆದ ಮ್ಯಾಲ ಮಠದ ಬಂಡಿ ಬಂದ್ರ ಆ ಗಡಿಗಿ ಬರಿದ ಮಾಡಿ ಕೊಡ್ತಿದ್ಳು. ಮಗ ಅಲ್ಲಿಗಿ ಹೋಗೋ ಮದಲಿಂದೂ ಕೊಡ್ತಿದ್ಳು, ಮಗ ಕಲ್ತು ನೌಕರಿ ಹಿಡದ ಮ್ಯಾಲೂ ಕೊಡ್ತಿದ್ಳು.

ನಮ್ಮ ತಂದಿ ಸಾಯೋ ತನ ಹೇಳ್ತಿದ್ದ ಮಾತು ಎರಡು. ಒಂದು, ಪಟ್ಟದ್ದೇವರ ದರ್ಶನ. ಇನ್ನೊಂದು, ಅಡಿಗಿ ಮನ್ಯಾಗ ಇದ್ದ ಒಬ್ಬ ಮುದುಕ. ಹೊಸದಾಗಿ ಹೋದಾಗ ತಂದಿಗಿ ಮಲೇರಿಯಾ ಜ್ವರ ಬಂದಿತ್ತಂತ. ಮೂರು ರಾತ್ರಿ ಆ ಮುದುಕ ಬಾಜೂಕ ಕುಂತು, ಒದ್ದಿ ಅರಬಿ ಹಾಕಿ, ಗಂಜಿ ಕುಡಸಿದ. ಹಗಲೆಲ್ಲ ಒಲಿ ಮುಂದ ದುಡದು, ರಾತ್ರಿ ಇದು. 'ಅವ ಇರದಿದ್ರ ನೀವ್ಯಾರೂ ಇರ್ತಿರಲಿಲ್ಲ' ಅಂತ ನಮ್ಮ ತಂದಿ ನಗಕೋತ ಹೇಳ್ತಿದ್ರು. ಆ ಮುದುಕನ ಹೆಸರು? 'ನಾವೆಲ್ಲ ಮುತ್ಯಾ ಅಂತಿದ್ದೆವು.' ಅಷ್ಟೇ. ಜೀವ ಉಳಸಿದವನ ಹೆಸರು ನಮ್ಮ ತಂದಿಗೂ ಗೊತ್ತಿರಲಿಲ್ಲ.

ಕಾಕು ಕೇಳಿದ ರಾತ್ರಿ ನಾ ಒಂದು ಲೆಕ್ಕ ಮಾಡ್ದೆ. ನಾವು ಹೆಂಗಸರಿಗಿ ಈ ಲೆಕ್ಕ ಲಗೂನ ತಿಳೀತದ. ನೂರು ಪೋರಗೋಳು ಅಂತ ಹಿಡೀರಿ. ಬೆಳೆಯೋ ವಯಸ್ಸು, ಒಂದು ಹೊತ್ತಿಗಿ ಮೂರು ರೊಟ್ಟಿ ಬೇಕೇ ಬೇಕು. ಎರಡು ಹೊತ್ತಿಗಿ ಆರುನೂರು ರೊಟ್ಟಿ. ನಮ್ಮ ಮನ್ಯಾಗ ಒಂದು ಕಿಲೋ ಹಿಟ್ಟಿಗಿ ಹನ್ನೆರಡು ಹದಿಮೂರು ರೊಟ್ಟಿ ಆಗ್ತಾವ. ಅಂದ್ರ ದಿವಸಾ ನಾಲ್ವತ್ತೈದು, ಐವತ್ತು ಕಿಲೋ ಹಿಟ್ಟು ನಾದಬೇಕು. ಒಂದು ರೊಟ್ಟಿ ಬಡಿದು, ಬೇಯಿಸಿ ತಗೀಲಾಕ ಎರಡು ಮಿನಿಟು ಅಂದ್ರ ಒಂದೇ ಒಲಿ ಮ್ಯಾಲ ಇಪ್ಪತ್ತು ತಾಸು. ನಾಕು ಮಂದಿ ಹಂಚಿಕೊಂಡ್ರ ಒಬ್ಬೊಬ್ರಿಗಿ ಐದು ತಾಸು, ಖಾಲಿ ರೊಟ್ಟಿ ಸಲುವಾಗಿ. ಬ್ಯಾಳಿ, ಪಲ್ಯ, ನೀರು, ಮುಸುರಿ, ಕಸ ಎಲ್ಲಾ ಬ್ಯಾರೆ. ಏಪ್ರಿಲ್ ತಿಂಗಳ ಬೀದರ ಬಿಸಿಲಾಗ, ಕಟಗಿ ಹೊಗಿ ಒಳಗ. ಒಂದು ದಿವಸ ಅಲ್ಲ, ವರ್ಷಾನುಗಟ್ಟಲೆ. ನಮಗ ಮನಿ ಮಂದಿಗಿ ಇಪ್ಪತ್ತು ರೊಟ್ಟಿ ಬಡೀಲಾಕ ಬ್ಯಾಸರ ಬರ್ತದ.

ಪಟ್ಟದ್ದೇವರು ನೂರು ವರ್ಷ ದಾಟಿ ಬಾಳಿ 1999ರ ಏಪ್ರಿಲದಾಗ ಲಿಂಗೈಕ್ಯರಾದ್ರು. ಬೀದರದಾಗ ರಂಗಮಂದಿರಕ್ಕ ಅವ್ರ ಹೆಸರೇ ಇಟ್ಟಾರ. ಅವ್ರ ಹಿಂದ ಬಂದ ಬಸವಲಿಂಗ ಪಟ್ಟದ್ದೇವರು ಇನ್ನೊಂದು ಕೆಲಸ ಕೈಗಿ ತಗೊಂಡ್ರು. ಹುಟ್ಟಿದ ಕೂಡ್ಲೇ ಯಾರೋ ಬಿಟ್ಟು ಹೋದ ಕೂಸುಗೋಳನ್ನ ಮಠದಾಗ ಇಟ್ಕೊಂಡು ಸಾಕಿದ್ರು, ಅವ್ರಿಗಿ ತಾವೇ ತಂದಿ ಆಗಿ ನಿಂತ್ರು. ಭಾಲ್ಕಿ ಬಾಜೂಕ ಕರಡ್ಯಾಳದ ಗುರುಕುಲದಾಗ ಸಾವಿರಾರು ಮಕ್ಕಳು ಕಲ್ತು ಡಾಕ್ಟರು, ಇಂಜಿನಿಯರು ಆಗಿ ಹೊರಗ ಬಂದಾರ.

ಹೆಸರು ಗುರುಗಳು ಕೊಡ್ತಾರ, ಅದು ದೊಡ್ಡ ಮಾತು. ಆದ್ರ ಎರಡು ತಾಸಿಗೊಮ್ಮಿ ಎದ್ದು ಆ ಕೂಸಿಗಿ ಹಾಲು ಹಾಕಿದಾಕಿ ಯಾರು? ಹೆತ್ತವ್ರೇ ಒಂದು ಕೂಸು ಸಾಕೋದ್ರಾಗ ದಣೀತೀವಿ. ತನ್ನ ಹೊಟ್ಟೀಲಿ ಹುಟ್ಟದ ಹತ್ತು ಕೂಸಿನ ನಡುವ ರಾತ್ರಿ ಪಾಳಿ ಮಾಡಿ, ಮುಂಜಾನಿ ಮನಿಗಿ ಹೋಗಿ ತನ್ನ ಮಕ್ಕಳಿಗಿ ಬುತ್ತಿ ಕಟ್ಟೋ ಹೆಂಗಸು ಪಗಾರ ಅಷ್ಟೇ ನೋಡಿದ್ರ ಅಲ್ಲಿ ನಿಂದ್ರಲ್ಲ.

ಇದು ಒಂದು ಮಠದ ಮಾತಷ್ಟೇ ಅಲ್ರಿ. ನಮ್ಮ ಜಿಲ್ಲಾದಾಗ ದೇವರ ಹೆಸರಲೇ ಮಕ್ಕಳಿಗಿ ದಾರಿ ತೋರಿಸಿದ ಮನಿ ಭಾಳ ಅವ. ಬೀದರದಾಗ ಮೆಥೋಡಿಸ್ಟ್ ಮಿಶನ್ನಿನವ್ರು ದವಾಖಾನಿ ನಡೆಸಿದ್ರು, ನಾರ್ಮಾ ಫೆಂಡ್ರಿಚ್ ಅನ್ನೋ ಅಮ್ಮೋರ ಹೆಸರಿನ ಸಾಲಿ ಇವತ್ತಿಗೂ ಅದ. ನಾನಕ ಝೀರಾದ ಗುರುದ್ವಾರದಾಗ ಲಂಗರ ಒಲಿ ಆರೋದೇ ಇಲ್ಲ, ಅವ್ರ ಇಂಜಿನಿಯರಿಂಗ ಕಾಲೇಜದಾಗ ಎಲ್ಲಾ ಜಾತಿ ಹುಡುಗ್ರು ಓದ್ತಾರ. ಶಾಹೀನ ಸಂಸ್ಥಾ 1989ರಾಗ ಸಣ್ಣದಾಗಿ ಸುರು ಆಗಿ ಈಗ ದೇಶದ ಮೂಲಿ ಮೂಲಿಂದ ಮಕ್ಕಳು ಬರೋ ಹಂಗ ಬೆಳದದ. ಕಲಬುರಗಿ ಶರಣಬಸಪ್ಪನ ದಾಸೋಹ ಎರಡು ನೂರು ವರ್ಷ ದಾಟ್ಯಾದ. ದೇವರು ಬ್ಯಾರೆ, ಪ್ರಾರ್ಥನಾ ಬ್ಯಾರೆ. ಹಿಂದಿನ ಬಾಗಿಲಕ ಹೋಗಿ ನೋಡಿದ್ರ ಎಲ್ಲಾ ಕಡಿ ಒಂದೇ ಕಾಣಸ್ತದ: ಸೆರಗು ಸೊಂಟಕ್ಕ ಸಿಗಿಸಿ ದೊಡ್ಡ ಪಾತೇಲಿ ತಿಕ್ಕೋ ಹೆಂಗಸು, ಬೀಗದ ಗೊಂಚಲ ಹಿಡದು ರಾತ್ರಿ ಕೋಣಿ ಕೋಣಿ ಎಣಸೋ ವಾರ್ಡನ್, ಹಿಂದ ಬಿದ್ದ ಹುಡುಗನ್ನ ಸಂಜಿಕ ಕೂಡಿಸ್ಕೊಂಡು ಗಣಿತ ಹೇಳೋ ಮಾಸ್ತರ.

ಇನ್ನ ನನ್ನ ತಪ್ಪಿಗಿ ಬರ್ತೀನಿ. ಬರಿಬೇಕೋ ಬ್ಯಾಡೋ ಅಂತ ಎರಡು ದಿವಸ ವಿಚಾರ ಮಾಡ್ದೆ. ಬರಿಲಿಲ್ಲಾಂದ್ರ ಈ ಮ್ಯಾಲಿಂದೆಲ್ಲ ಬರೀ ಭಾಷಣ ಆಗ್ತದ.

ನಮ್ಮ ಕಾಕಾ ಲಗೂನ ತೀರಿಕೊಂಡ್ರು. ಎರಡು ಸಣ್ಣ ಮಕ್ಕಳು. ಕಾಕು ಬೋರ್ಡಿಂಗದ ಅಡಿಗಿ ಕೆಲಸಕ ಹೋದ್ಳು. ಮದಲು ಪಗಾರ ಎಪ್ಪತ್ತು ರೂಪಾಯಿ, ಎರಡು ಹೊತ್ತಿನ ಊಟ. ಅದ್ರಾಗೇ ಇಬ್ರನ್ನೂ ಓದಿಸಿದ್ಳು. ಆ ಸಂಸ್ಥಾಕ್ಕ ಇಪ್ಪತ್ತೈದು ವರ್ಷ ತುಂಬಿದಾಗ ದೊಡ್ಡ ಕಾರ್ಯಕ್ರಮ ಆಯಿತು. ಸ್ಟೇಜ್ ಮ್ಯಾಲ ದಾನ ಕೊಟ್ಟವ್ರಿಗಿ, ಬಂದ ಪಾಹುಣ್ಯಾರಿಗಿ ಶಾಲು, ಹಾರ. ಕಾಕು ಮತ್ತ ಅಕಿ ಜೋಡಿಯವ್ರು ಅವತ್ತು ಎರಡು ಸಾವಿರ ಮಂದಿಗಿ ಹುಗ್ಗಿ ಮಾಡಿದ್ರು. ಅವತ್ತು ಒಂದು ಪುಸ್ತಕಾನೂ ಹಂಚಿದ್ರು. ಕಾಕುಗಿ ಓದ್ಲಾಕ ಬರಲ್ಲ. ಒಂದು ಹುಡುಗಗ ಕರದು 'ನಮ್ಮ ಹೆಸರು ಎಲ್ಲದ ನೋಡು' ಅಂದ್ಳಂತ. ಅವ ಹುಡುಕಿ ಹುಡುಕಿ ಕಡೀಕ ಓದಿದ: 'ಮತ್ತು ಅಡುಗೆ ಸಿಬ್ಬಂದಿ'. ಆ ಪುಸ್ತಕ ಇವತ್ತಿಗೂ ಅಕಿ ಟ್ರಂಕಿನಾಗ ಅದ. ನಮ್ಮ ಹುಡುಗಿ ಪ್ರಬಂಧದಾಗ 'ಮತ್ತು' ಅಂದಾಗ ಅಕಿ ಯಾಕ ಕೈ ನಿಂದ್ರಿಸಿದ್ಳು ಅಂತ ಈಗ ನಿಮಗ ತಿಳದಿರಬೇಕು.

ಅದು ಹೊರಗಿನವ್ರ ಮಾತು. ನಾ ಮಾಡಿದ್ದು ಕೇಳ್ರಿ. ನನ್ನ ಮಗಳ ನಿಶ್ಚಯದ ದಿವಸ ಬೀಗರು ಕಾಕೂಗ ನೋಡಿ 'ಇವ್ರು ಏನ್ ಮಾಡ್ತಿದ್ರು?' ಅಂತ ಕೇಳಿದ್ರು. ಅಡಿಗಿ ಮಾಡಾಕಿ ಅಂದ್ರ ಏನಂತಾರೋ ಅಂತ ನನ್ನ ನಾಲಿಗಿ ತಿರುಗ್ತು. 'ಸಾಲ್ಯಾಗ ಇದ್ರು' ಅಂದು ಬಿಟ್ಟೆ. ಬೀಗರು ಮಾಸ್ತರಿಕಿ ಅಂತ ತಿಳ್ಕೊಂಡ್ರು. ದಿವಸ ಪೂರ್ತಿ 'ಬಾಯೋರೇ, ಬಾಯೋರೇ' ಅಂತ ಮಾತಾಡಿಸಿದ್ರು. 'ಯಾವ ಕ್ಲಾಸಿಗಿ ಇದ್ರಿ?' ಅಂತ ಕೇಳಿದಾಗ ಕಾಕು ನನ್ನ ಮಾರಿ ನೋಡಿ, 'ಸಣ್ಣ ಪೋರಗೋಳ ಜೋಡಿ ಇದ್ದೆ' ಅಂದ್ಳು. ನನ್ನ ಮರ್ಯಾದಿ ಉಳಸಿದ್ಳು. ಅವತ್ತು ಎಲ್ಲರದ್ದೂ ಆದ ಮ್ಯಾಲ ಒಬ್ಬಾಕಿನೇ ಕುಂತು ಉಂಡ್ಳು. ನಾ ನೋಡ್ದೆ, ನೋಡದಂಗ ಮಾಡ್ದೆ.

ಮಠದ ರೊಟ್ಟಿ ಉಂಡು ಕಲ್ತವ್ರ ಮಗಳು ನಾನು. ನಮ್ಮ ತಂದೀನ ಉಳಸಿದ್ದೇ ಒಬ್ಬ ಅಡಿಗಿಯವ. ನಾನೇ ನಾಚಿದ್ರ, ಸಂಸ್ಥಾದವ್ರು ಪುಸ್ತಕದಾಗ ಹೆಸರು ಹಾಕಲಿಲ್ಲಂತ ಯಾರಿಗಿ ಅನ್ನಲಿ?

ಇದೇ ನೆಲದಾಗ ಎಂಟುನೂರು ವರ್ಷದ ಹಿಂದ ಏನಿತ್ತು ನೋಡ್ರಿ. ಬಸವಕಲ್ಯಾಣ ನಮ್ಮ ಜಿಲ್ಲಾದೇ. ಅಲ್ಲಿ ಹೊಸ ಅನುಭವ ಮಂಟಪ ಎಬ್ಬಸಿದವ್ರೂ ಚನ್ನಬಸವ ಪಟ್ಟದ್ದೇವರೇ. ಹನ್ನೆರಡನೇ ಶತಮಾನದ ಆ ಕಲ್ಯಾಣದಾಗ ಶರಣರ ಹೆಸರು ಹೆಂಗಿದ್ವು? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಹೆಂಗಸರಾಗ ಕದಿರ ರೆಮ್ಮವ್ವ, ನೂಲು ತೆಗಿಯಾಕಿ. ಆಯ್ದಕ್ಕಿ ಲಕ್ಕಮ್ಮ, ಗಂಡ ಆಯ್ದು ತಂದ ಅಕ್ಕಿಲೇ ದಾಸೋಹ ಮಾಡಾಕಿ. ಒಂದು ದಿವಸ ಗಂಡ ಬೇಕಾದಕಿಂತ ಜಾಸ್ತಿ ಅಕ್ಕಿ ತಂದ್ರ ತಿರುಗಿ ಹಾಕಿ ಬಾ ಅಂದಾಕಿ. ಸತ್ಯಕ್ಕ, ಕಸ ಹೊಡಿಯಾಕಿ. ಕೊಟ್ಟಣದ ಸೋಮವ್ವ, ಮಂದಿ ಮನಿ ಕಾಳು ಕುಟ್ಟಾಕಿ. ಇವ್ರೆಲ್ಲ ವಚನ ಬರದವ್ರು.

ಗಮನ ಇಡ್ರಿ, ಅವ್ರು ಕೆಲಸ ಮುಚ್ಚಿ ಹೆಸರು ಹೇಳಲಿಲ್ಲ. ಕೆಲಸಾನೇ ಹೆಸರಿನ ಮುಂದ ಕಟ್ಟಿಕೊಂಡ್ರು. ಕಾಳು ಕುಟ್ಟೋ ಸೋಮವ್ವನ ಹೆಸರು ಎಂಟುನೂರು ವರ್ಷ ಉಳೀತು, ಬಸವಣ್ಣನ ಜೋಡಿನೇ ಉಳೀತು. ಅದೇ ಕಲ್ಯಾಣದ ಜಿಲ್ಲಾದಾಗ ಕೂತು ನಾ ನಮ್ಮ ಕಾಕುನ ಕೆಲಸ ಮುಚ್ಚಿದೆ. ಕಾಯಕವೇ ಕೈಲಾಸ ಅಂತ ಬಾಗಿಲ ಮ್ಯಾಲ ಬರಸೀವಿ, ಬಾಗಿಲ ಒಳಗ ಬಂದ ಮ್ಯಾಲ ಮರತೀವಿ.

ಮರುದಿವಸ ಮುಂಜಾನಿ ಚಹಾ ಕುಡಿಯಾಗ ಕಾಕುಗಿ ಹೇಳ್ದೆ: "ಕಾಕು, ಅವತ್ತು ನಿಶ್ಚಯದಾಗ ನಾ ಸುಳ್ಳು ಹೇಳ್ದೆ, ತಪ್ಪಾಯಿತು." ಅಕಿ ಬಸಿ ತಳಗಿಟ್ಟು, "ನನಗ ತಿಳದಿತ್ತು ಯವ್ವಾ. ಹೆಣ್ಣು ಕೊಡೋ ಮನಿ, ಅಂಜತಾರ" ಅಂದ್ಳು. ಅಷ್ಟಕ್ಕೇ ಬಿಟ್ಟು ಬಿಟ್ಳು. ನನಗ ಬಿಡಲಾಕ ಆಗಲಿಲ್ಲ. ಅವತ್ತೇ ಬೀಗತಿಗಿ ಫೋನ್ ಹಚ್ಚಿ ಖರೇ ಹೇಳ್ದೆ. ಅವ್ರು ಜರಾ ಹೊತ್ತು ಸುಮ್ಮನಿದ್ರು. ಆಮ್ಯಾಲ ಅಂದ್ರು: "ಮದಲೇ ಹೇಳಬೇಕಿತ್ರಿ. ನಮ್ಮ ಮನಿಯವ್ರೂ ಬೋರ್ಡಿಂಗದಾಗೇ ಉಂಡು ಓದ್ದವ್ರು. ಅವ್ರು ಅವತ್ತು ಕಾಲು ಮುಗಿತಿದ್ರು." ನೋಡ್ರಿ, ನಾ ಯಾರ ಮುಂದ ಮುಚ್ಚಿದ್ನೋ ಅವ್ರೂ ಅದೇ ರೊಟ್ಟಿ ಉಂಡವ್ರು!

ಸಂಜಿಕ ಹುಡುಗಿ ತನ್ನ ಪ್ರಬಂಧ ತಗೊಂಡು ಬಂದು ಕಾಕು ಮುಂದ ಕುಂತ್ಳು. "ಆಯಿ, ಆ 'ಮತ್ತು' ಆದ ಮ್ಯಾಲ ಯಾರ್ಯಾರು, ಹೇಳು" ಅಂದ್ಳು. ಕಾಕು ಮದಲು ಬ್ಯಾಡ ಅಂದ್ಳು. ಆಮ್ಯಾಲ ಒಂದೊಂದೇ ಹೆಸರು ಬಂದ್ವು. ಜೋಡಿ ರೊಟ್ಟಿ ಬಡಿದ ಮೂವರು. ನೀರು ಹೊತ್ತಾಕಿ, ಅಕಿ ಬೆನ್ನು ಬಾಗಿ ಹೋಗಿತ್ತಂತ. ಕಟಗಿ ಒಡಿಯವ. ಹಬ್ಬದ ದಿವಸ ಮನಿಗಿ ಹೋಗದ ಹುಡುಗ್ರ ಜೋಡಿ ತಾನೂ ಉಳೀತಿದ್ದ ವಾರ್ಡನ್. ಫೀ ಕಟ್ಟಲಾಕ ಆಗದವ್ರದ್ದು ತನ್ನ ಪಗಾರದಾಗ ತುಂಬಿ ಯಾರಿಗೂ ಹೇಳದ ಗಣಿತದ ಮಾಸ್ತರ. ರಾತ್ರಿ ಹಾಸಗ್ಯಾಗ ಉಚ್ಚಿ ಹೊಯ್ಕೊಂಡ ಸಣ್ಣ ಪೋರಗೋಳ ಅರಬಿ, ಬ್ಯಾರೆ ಪೋರಗೋಳು ಏಳೋ ಮದಲೇ ತೊಳದು ಒಣಗಿ ಹಾಕ್ತಿದ್ದ ಜವಾನ. ಅವ್ರು ನಗಬಾರದು ಅಂತ. ಹದಿನಾಲ್ಕು ಹೆಸರಾದ್ವು. ತನ್ನ ಹೆಸರು ಕಡೀಗಿ ಹೇಳಿದ್ಳು, ಅದೂ ಹುಡುಗಿ ಎರಡು ಸಲ ಕೇಳಿದ ಮ್ಯಾಲ.

ಆ ಹೆಸರು ಇಲ್ಲಿ ಹಾಕಲಿ ಅಂತ ಕೇಳ್ದೆ. "ಈಗ ಬ್ಯಾಡ. ಮೊಮ್ಮಗಳ ಲಗ್ನ ಆಗಲಿ, ಆಮ್ಯಾಲ ಬೇಕಾದ್ರ ಹಾಕು" ಅಂದ್ಳು. ನನಗ ಉತ್ತರ ಇರಲಿಲ್ಲ. ಆ ಅಂಜಿಕಿ ಅಕಿದಲ್ಲ, ನಾವು ಕೊಟ್ಟಿದ್ದು. ಹಂಗಾಗಿ ಹದಿನಾಲ್ಕೂ ಹೆಸರು ಸಧ್ಯಕ ನಮ್ಮ ಹುಡುಗಿ ವಹ್ಯಾಗ ಅವ.

ನಿಮ್ಮ ಬಲ್ಲಿ ಒಂದು ಮಾತು ಕೇಳ್ತೀನಿ. ನಿಮ್ಮ ಮನ್ಯಾಗೂ ಮಠದಾಗೋ, ಮಿಶನ್ನದಾಗೋ, ಮದರಸಾದಾಗೋ, ಬೋರ್ಡಿಂಗದಾಗೋ ಉಂಡು ಕಲ್ತವ್ರು ಇದ್ದೇ ಇರ್ತಾರ. ಇವತ್ತು ರಾತ್ರಿ ಊಟಕ್ಕ ಕುಂತಾಗ ಅವ್ರಿಗಿ ಕೇಳ್ರಿ: ನಿಮಗ ಯಾರು ಬಡಸ್ತಿದ್ರು? ಬ್ಯಾನಿ ಬಿದ್ರ ಯಾರು ನೋಡ್ತಿದ್ರು? ಅವ್ರ ಹೆಸರೇನು? ಹೆಸರು ಸಿಕ್ರ ವಹ್ಯಾಗ ಬರದಿಡ್ರಿ, ಅವ್ರು ಏನ್ ಕೆಲಸ ಮಾಡ್ತಿದ್ರು ಅಂತ ಮುಂದೇ ಬರೀರಿ. ಅವ್ರು ಇನ್ನ ಇದ್ರ, ಒಮ್ಮಿ ಹೋಗಿ ಬರ್ರಿ. ಶಾಲು ಬ್ಯಾಡ. ಮನ್ಯಾಗ ಮಾಡಿದ್ದು ಒಂದು ಡಬ್ಬಿ ತಗೊಂಡು ಹೋಗ್ರಿ, ಬಾಜೂಕ ಕುಂತು ಉಣಸಿ ಬರ್ರಿ. ಜಲ್ಮ ಪೂರ್ತಿ ಮಂದಿಗಿ ಬಡಸಿದವ್ರಿಗಿ ಯಾರರೆ ಬಡಸಿದ್ರ ಹೆಂಗನಸ್ತದ ಅಂತ ನಮಗಿಂತ ಚಲೋ ಯಾರಿಗಿ ಗೊತ್ತದ?

ಕಾಕು ಮರುದಿವಸ ಭಾಲ್ಕಿ ಬಸ್ ಹತ್ತಿದ್ಳು. ಹೋಗೋ ಮದಲು ನನ್ನ ರೊಟ್ಟಿ ಬುಟ್ಟಿ ತಗದು ನೋಡಿ, "ಹಿಟ್ಟಿಗಿ ನೀರು ಇನ್ನಾ ಬಿಸಿ ಬೇಕು ಯವ್ವಾ, ಅಂಚು ಸೀಳ್ಯಾವ" ಅಂದ್ಳು. ಅವತ್ತಿಂದ ನೀರು ಕುದಿಸೇ ಹಾಕ್ಲತೀನಿ. ಈಗ ಸೀಳಲ್ಲ.